ಗೇರೆಣ್ಣೆಯ ಕಪ್ಪು

ಅದು ಭಾನುವಾರ. ತಂಗಿ ಕುಮಟಾದಿಂದ ಹೊನ್ನಾವರಕ್ಕೆ ಬಂದಿದ್ದಳು. ಕೈಚೀಲದಲ್ಲಿ ಒಂದು ರವಕೆ ಬಟ್ಟೆ, ನನಗೆಂದು ತಂದ ಗೇರುಬೀಜದ ತುಂಡುಗಳ ಪೊಟ್ಟಣ. ಅವಳು ಕುಮಟಾದ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ನಮ್ಮಿಬ್ಬರಿಗೆ ಬೇರೆ ಒಡಹುಟ್ಟಿದವರಿಲ್ಲ.

ಅವಳ ಗಂಡನ ಕಡೆಯವರ ಮದುವೆ ಭಟ್ಕಳದಲ್ಲಿತ್ತು. ಆ ಮದುವೆಗೆ ರವಕೆ ಆಗಬೇಕಿತ್ತು.

"ಮದುವೆ ಎಂದು?" ಅಂದೆ.

"ಬರೂ ಗುರುವಾರ."

"ಇವತ್ತು ಭಾನುವಾರ. ನನ್ನ ಮಿಷನ್ನಿಗೆ ರೆಕ್ಕೆ ಅದ್ಯಾ?"

"ಹೊರಗಿನವರದ್ದಾದ್ರೆ ನಗ್ತಾ ತಗಳ್ತಿ. ತಂಗಿದು ಅಂದ ಕೂಡ್ಲೆ ಮೋರೆ ಉದ್ದ."

"ಹೊರಗಿನವ್ರು ಅಳತೆ ರವಕೆ ತರ್ತಾರೆ. ನಿಂದೆಲ್ಲಿ?"

"ಮರ್ತೋತು," ಎಂದು ನಕ್ಕಳು.

ಹಾಗಾಗಿ ಟೇಪು ಹಿಡಿದೆ. ಅವಳಿಗೆ ಕಚಗುಳಿ ಜಾಸ್ತಿ. ಕೈ ಎತ್ತು ಎಂದರೆ ಇಳಿಸುತ್ತಿದ್ದಳು, ನೆಟ್ಟಗೆ ನಿಲ್ಲು ಎಂದರೆ ಬಗ್ಗುತ್ತಿದ್ದಳು. ಎಡಗಡೆ ಟೇಪು ಬಿಗಿದಾಗ "ಹಾ, ನೋವಾತು ಮಾರಾಯ್ತಿ" ಅಂದಳು. ದಪ್ಪ ಆಗಿದ್ದೀಯ, ಅದಕ್ಕೇ ಎಂದು ನಾನು ಬೈದೆ. ಮಧ್ಯಾಹ್ನ ಬಂಗಡೆ ಸಾರು, ಅನ್ನ. ಉಂಡು ನೆಲದ ಮೇಲೆ ಸೆರಗು ಹಾಸಿ ಮಲಗಿದಳು. ಫ್ಯಾನಿನ ಕೆಳಗೆ ಅವಳು, ಮಿಷನ್ನಿನ ಮುಂದೆ ನಾನು. ಸಂಜೆ ಬಸ್ಸು ಹತ್ತಿಸಿ ಬಂದೆ. ಅವಳು ಕಿಟಕಿಯಿಂದ ಏನೋ ಕೂಗಿದಳು, ಬಸ್ಸಿನ ಸದ್ದಿಗೆ ಕೇಳಲಿಲ್ಲ. ಅದೊಂದು ಮಾತು ಏನಿತ್ತು ಎಂದು ಆಮೇಲೆ ಕೇಳಬೇಕೆಂದೂ ನನಗೆ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಫೋನು ಮಾಡಿದಳು. "ಅಕ್ಕ, ನಿನ್ನೆ ನಿನ್ನ ಟೇಪು ನೋಯಿಸ್ತಲ್ಲ, ಆ ಜಾಗದಲ್ಲಿ ಎಂತೋ ಅದೆ."

"ಎಂತದು?"

"ಸಣ್ಣ ಗೇರುಬೀಜದಷ್ಟು. ಗಟ್ಟಿ."

ಗಂಡನಿಗೆ ಹೇಳು, ಇವತ್ತೇ ಡಾಕ್ಟರಿಗೆ ತೋರಿಸು ಎಂದೆ. ಗಂಡನಿಗೆ ಅವಳು ಹೇಳಿದ್ದು "ಎದೆ ನೋವು" ಎಂದು. ನಮ್ಮ ಮಾತಿನಲ್ಲಿ ಅದಕ್ಕಿಂತ ಹತ್ತಿರದ, ಬಾಯಿಬಿಟ್ಟು ಹೇಳಬಹುದಾದ ಶಬ್ದ ಇಲ್ಲ. ಅವನು ಭಟ್ಕಳದ ಬಂದರಿನಿಂದ ಮೀನು ಸಾಗಿಸುವ ಟೆಂಪೊ ಓಡಿಸುತ್ತಾನೆ, ವಾರದಲ್ಲಿ ಮೂರ್ನಾಲ್ಕು ದಿನ ಅಲ್ಲೇ ಇರುತ್ತಾನೆ. ಒಳ್ಳೆಯವನು. ಗ್ಯಾಸ್ ಆಗಿರಬೇಕೆಂದು ಸೋಡಾ ತಂದುಕೊಟ್ಟ. ಅವಳು ಅದನ್ನು ಕುಡಿದಳು. ಮತ್ತೆ ಸರಿಯಾದ ಡಾಕ್ಟರ ಹತ್ತಿರ ಹೋಗುವಾಗ ಮದುವೆ ಮುಗಿದು, ಇನ್ನೊಂದು ಹಬ್ಬವೂ ಮುಗಿದಿತ್ತು. ಕುಮಟಾದ ಡಾಕ್ಟರು ಕೈಯಿಂದ ಮುಟ್ಟಿ ನೋಡಿ, ಮುಖ ಸಪ್ಪೆ ಮಾಡಿಕೊಂಡು, ದಕ್ಷಿಣದ ಕಡೆಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ದಕ್ಷಿಣಕ್ಕೆ ಹೋಗುವುದೇ.

ಹಾಗೆ ನಮ್ಮ ರೈಲು ಪ್ರಯಾಣ ಶುರುವಾಯಿತು. ಅವಳು ಕುಮಟಾದಲ್ಲಿ ಹತ್ತಿ ಸೀಟು ಹಿಡಿದಿರುತ್ತಿದ್ದಳು. ಹೊನ್ನಾವರದಲ್ಲಿ ನಾನು ಹತ್ತುತ್ತಿದ್ದೆ. ಭಟ್ಕಳದಲ್ಲಿ ಅವಳ ಗಂಡ ಬಂದರಿನಿಂದ ನೇರ ಬಂದು ಸೇರುತ್ತಿದ್ದ.

"ಅಂಗಿ ಬದಲಿಸ್ಕಂಡು ಬರೂಕೆ ಆಗೂದಿಲ್ವ? ಡಬ್ಬಿಯವ್ರೆಲ್ಲ ಮೀನು ಎಲ್ಲಿ ಅಂತ ಹುಡುಕ್ತಾ ಇದ್ದಾರೆ," ಎಂದು ಅವಳು ಅವನನ್ನು ರೇಗಿಸುತ್ತಿದ್ದಳು.

"ನಿಂಗೆ ಈ ವಾಸನೆ ಇಲ್ದೆ ನಿದ್ದೆ ಬರೂದಿಲ್ಲಲ್ಲ," ಅನ್ನುತ್ತಿದ್ದ ಅವನು. ಮೂವರೂ ನಗುತ್ತಿದ್ದೆವು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತರಹದ ಒಂದು ಚಿತ್ರ ತೆಗೆದರು, ಸ್ಕ್ಯಾನಿಂಗ್ ಮಾಡಿದರು. ಗಂಟಿನ ಮೇಲಿನ ಚರ್ಮ ಕಪ್ಪಾಗಿ ಸುಟ್ಟಂತಿತ್ತು. ದೊಡ್ಡ ಡಾಕ್ಟರು ಇದೇನು ಎಂದು ಕೇಳಿದಾಗ ಬಿಸಿನೀರು ಬಿದ್ದದ್ದು ಅಂದಳು. ಅವರು ತಲೆಯಾಡಿಸಿ, ಗಂಟಿನ ಲಕ್ಷಣ ಒಳ್ಳೆಯದಿಲ್ಲ, ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕು, ಇವತ್ತೇ ಆಗುತ್ತದೆ ಎಂದರು.

ತಂಗಿ ಒಲ್ಲೆ ಅಂದಳು.

ಅವಳ ಜೊತೆ ಫ್ಯಾಕ್ಟರಿಯಲ್ಲಿ ಕೂರುತ್ತಿದ್ದ ಒಬ್ಬ ಹೆಂಗಸಿಗೆ ಹೀಗೇ ಗಂಟಾಗಿತ್ತಂತೆ. ಸೂಜಿ ಚುಚ್ಚಿದ್ದೇ ಮೈಯೆಲ್ಲ ಹಬ್ಬಿ ಸತ್ತಳಂತೆ. ಹಾಗಾಗುವುದಿಲ್ಲ, ಅದು ಮೊದಲೇ ಹಬ್ಬಿರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ತಂಗಿ ನೆಲ ನೋಡುತ್ತ ಕುಳಿತಳು. ಸತ್ತವಳನ್ನು ಅವಳು ಕಣ್ಣಾರೆ ನೋಡಿದ್ದಳು, ಡಾಕ್ಟರನ್ನು ಅಂದೇ ನೋಡಿದ್ದು.

ನಾವು ಹೊರಗೆ ಬೆಂಚಿನ ಮೇಲೆ ಕುಳಿತು ಅವಳನ್ನು ಒಪ್ಪಿಸಲು ನೋಡುತ್ತಿದ್ದಾಗ ಒಬ್ಬರು ಸಣ್ಣ ವಯಸ್ಸಿನ ಡಾಕ್ಟರಮ್ಮ ಬಂದರು. ಅಲ್ಲಿ ಹೊಸ ಯಂತ್ರವೊಂದರ ಅಧ್ಯಯನ ನಡೆಯುತ್ತಿತ್ತು. ಗಂಟಿರುವ ಹೆಂಗಸರು ಒಪ್ಪಿದರೆ ಅದರಲ್ಲೂ ಒಂದು ಚಿತ್ರ ತೆಗೆಯುತ್ತಾರೆ.

"ಸೂಜಿ ಅದ್ಯಾ?" ತಂಗಿ ಕೇಳಿದ ಮೊದಲ ಪ್ರಶ್ನೆ.

"ಇಲ್ಲ ಅಮ್ಮ. ಬರೀ ಬೆಳಕು, ಮತ್ತೆ ಸದ್ದು."

ಅವರು ತಾಳ್ಮೆಯಿಂದ ಹೇಳಿದರು. ಯಂತ್ರದ ತುದಿಯನ್ನು ಮೈಮೇಲೆ ಇಟ್ಟು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬೆಳಕು ಬಿಡುತ್ತಾರೆ. ಒಳಗಿನ ರಕ್ತ ಆ ಬೆಳಕನ್ನು ಹೀರಿ, ಗೊತ್ತೇ ಆಗದಷ್ಟು ಬಿಸಿಯಾಗಿ, ಗೊತ್ತೇ ಆಗದಷ್ಟು ಹಿಗ್ಗುತ್ತದೆ. ಹಿಗ್ಗುವಾಗ ಸದ್ದು ಬರುತ್ತದೆ. ಮನುಷ್ಯರ ಕಿವಿಗೆ ಅದು ಕೇಳುವುದಿಲ್ಲ, ಯಂತ್ರಕ್ಕೆ ಕೇಳುತ್ತದೆ. ಕೆಟ್ಟ ಗಂಟು ತನ್ನ ಸುತ್ತ ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತದೆ, ಹಾಗಾಗಿ ಅಲ್ಲಿಂದ ಸದ್ದು ಜಾಸ್ತಿ. ಆ ಸದ್ದನ್ನೇ ಚಿತ್ರ ಮಾಡುತ್ತಾರೆ.

"ಬಿಸಿಲಿಗೆ ತಗಡಿನ ಚಾವಣಿ ಟಿಕ್ ಟಿಕ್ ಅನ್ನುತ್ತಲ್ಲ, ಹಾಗೆ ಅಂದ್ಕೊಳ್ಳಿ," ಎಂದರು.

"ನಮ್ಮ ಫ್ಯಾಕ್ಟರಿ ಮಾಡಿನಂಗೆ," ಎಂದು ತಂಗಿ ನನ್ನ ಕಡೆ ತಿರುಗಿದಳು. ಅಂದು ಬೆಳಗಿನಿಂದ ಮೊದಲ ಸಲ ಅವಳ ಮುಖ ಬಿಚ್ಚಿಕೊಂಡಿತು. ಅವಳಿಗೆ ಅದು ಅರ್ಥವಾಗಿತ್ತು. ಅರ್ಥವಾದದ್ದನ್ನು ಅವಳು ನಂಬುತ್ತಿದ್ದಳು.

ಡಾಕ್ಟರಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು. ಈ ಯಂತ್ರ ಇನ್ನೂ ಕಲಿಕೆಯಲ್ಲಿದೆ, ಇದರ ಚಿತ್ರ ನೋಡಿ ಕಾಯಿಲೆ ಇದೆ ಇಲ್ಲ ಎಂದು ತೀರ್ಮಾನಿಸುವುದಿಲ್ಲ, ಅದಕ್ಕೆ ಸೂಜಿಯೇ ಬೇಕು ಎಂದು. ನಾನು ಕೇಳಿಸಿಕೊಂಡೆ. ಆದರೂ ಮನಸ್ಸಿನಲ್ಲಿ, ಇದೊಂದು ಆಗಲಿ, ಇದರಲ್ಲಿ ಒಳ್ಳೆಯದು ಬಂದರೆ ಸೂಜಿಯೇ ಬೇಡವಾಗಬಹುದು ಎಂದು ಬೇಡಿಕೊಂಡೆ. ಮುಳುಗುವವರ ಬೇಡಿಕೆಗೆ ಲೆಕ್ಕ ಇರುವುದಿಲ್ಲ.

ಗಂಡಸರನ್ನು ಒಳಗೆ ಬಿಡಲಿಲ್ಲ. ನಾನು ಜೊತೆಗೆ ಹೋದೆ. ಚಿಕ್ಕ ಕೋಣೆ, ಎಸಿಯ ಚಳಿ, ಕಿಟಕಿಗೆ ದಪ್ಪ ಪರದೆ. ಬೆಳಕು ಕಣ್ಣಿಗೆ ಬೀಳಬಾರದೆಂದು ನಮಗೆಲ್ಲ ದೊಡ್ಡ ಕನ್ನಡಕ ಕೊಟ್ಟರು.

"ಹೆಂಗೆ ಕಾಣ್ತೆ ಅಕ್ಕ? ದುಬೈ ರಿಟರ್ನ್?"

"ಭಟ್ಕಳ ಪೇಟೆಯಲ್ಲಿ ಬಿಟ್ರೆ ಯಾರೂ ಅನುಮಾನ ಪಡೂದಿಲ್ಲ," ಅಂದೆ.

ಮಲಗಿಸಿ, ಜೆಲ್ ಹಚ್ಚಿ, ಯಂತ್ರದ ತುದಿ ಇಟ್ಟರು. ಸಣ್ಣಗೆ ಟಕಟಕ ಎನ್ನುವ ಶಬ್ದ. ಅದು ಯಂತ್ರದ್ದು, ತಂಗಿಯದ್ದಲ್ಲ ಎಂದು ಗೊತ್ತಿದ್ದರೂ ನಾನು ಕಿವಿಗೊಟ್ಟು ಕೇಳಿದೆ. ಅವಳ ಮೈ ಏನಾದರೂ ಹೇಳುತ್ತದೋ ಎಂಬ ಹಾಗೆ. ಡಾಕ್ಟರಮ್ಮ ತುದಿಯನ್ನು ಆಚೆ ಈಚೆ ಸರಿಸಿದರು. ಮತ್ತೆ ಒರೆಸಿ ಜೆಲ್ ಹಚ್ಚಿದರು. ಯಂತ್ರದ ಪರದೆ ನೋಡಿದರು, ತಂಗಿಯ ಚರ್ಮ ನೋಡಿದರು.

"ಅಮ್ಮ, ಇದು ಬಿಸಿನೀರು ಬಿದ್ದ ಕಲೆ ಅಲ್ಲ ಅಲ್ವಾ?"

ತಂಗಿ ಸೆರಗು ಎಳೆದುಕೊಳ್ಳಲು ನೋಡಿದಳು.

"ಇಲ್ಲಿ ಕಪ್ಪು ತುಂಬಾ ಇದೆ. ಬೆಳಕನ್ನೆಲ್ಲ ಚರ್ಮವೇ ಕುಡಿದುಬಿಡ್ತಿದೆ. ಅದರ ಸದ್ದಲ್ಲಿ ಒಳಗಿನದು ಏನೂ ಕೇಳ್ತಿಲ್ಲ. ಏನು ಹಚ್ಚಿದ್ರಿ?"

ತಂಗಿ ಹೇಳಿದಳು. "ಗೇರೆಣ್ಣೆ."

ಡಾಕ್ಟರಮ್ಮನಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೇರುಬೀಜದ ಸಿಪ್ಪೆಯಿಂದ ಒಸರುವ ಎಣ್ಣೆ. ಮೈಗೆ ತಾಗಿದರೆ ಸುಡುತ್ತದೆ, ಬೊಕ್ಕೆ ಬರುತ್ತದೆ, ಕಪ್ಪು ಉಳಿಯುತ್ತದೆ. ಫ್ಯಾಕ್ಟರಿ ಹೆಂಗಸರ ಬೆರಳೆಲ್ಲ ಅದರಿಂದಲೇ ಕಪ್ಪು. ಹಿಮ್ಮಡಿ ಒಡೆದರೆ, ಚರ್ಮದ ಮೇಲೆ ಗಂಟಿನಂಥ ನರುಳ್ಳೆ ಎದ್ದರೆ, ಅದನ್ನೇ ಒಂದು ಹನಿ ಇಡುತ್ತಾರೆ. ಸುಟ್ಟು ಒಣಗಿ ಉದುರುತ್ತದೆ. ಕಾಲಿನ ನರುಳ್ಳೆಗೆ ಆದದ್ದು ಇದಕ್ಕೂ ಆಗಲಿ ಎಂದು ಅವಳು ದಿನಾ ಒಂದು ಹನಿ ಇಟ್ಟುಕೊಂಡಿದ್ದಳು. ಎಷ್ಟು ಉರಿದಿರಬೇಕು. ಯಾರಿಗೂ ಹೇಳಿರಲಿಲ್ಲ.

"ಹೇಳಬಾರದಿತ್ತಾ ನಂಗೆ?" ಅಂದೆ.

"ಹೇಳಿದ್ರೆ ಹಚ್ಚೂಕೆ ಬಿಡ್ತಿದ್ಯಾ?"

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. ಗದರಿಸಲಿಲ್ಲ. ಅವರು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಈ ಕಪ್ಪು ಹೋದರೆ ಮತ್ತೆ ನೋಡಬಹುದು. ಆದರೆ ಅದಕ್ಕೆ ಕಾಯಬೇಡಿ. ಸೂಜಿ ಇವತ್ತೇ ಮಾಡಿಸಿ."

ಕೋಣೆಯಿಂದ ಹೊರಬಂದಾಗ ಗಂಡ ಎದ್ದು ನಿಂತ. ನಾನು ಬಾಯಿ ತೆರೆಯುವ ಮೊದಲೇ ತಂಗಿ ಹೇಳಿದಳು, "ಕಪ್ಪು ಹೋದ ಮೇಲೆ ಮತ್ತೆ ನೋಡೂದಂತೆ. ಮನೆಗೆ ಹೋಗುವಾ."

ಅಲ್ಲಿಯೇ ನಾನು ಜಗಳ ತೆಗೆದೆ. ಜನ ತಿರುಗಿ ನೋಡಿದರು. ಅವಳು ಅಳಲೂ ಇಲ್ಲ, ಕೂಗಲೂ ಇಲ್ಲ. ಚೀಲ ಎತ್ತಿಕೊಂಡು ಗೇಟಿನ ಕಡೆ ನಡೆದಳು. ರೈಲಿನಲ್ಲಿ ಅವಳ ಗಂಡ ನನಗೆ ಮೆಲ್ಲಗೆ ಹೇಳಿದ, "ಅತ್ಗೆ, ಡಾಕ್ಟರಮ್ಮನೇ ಹೇಳಿದ್ದಾರಲ್ಲ. ಅಷ್ಟು ದೊಡ್ಡ ಮಿಷನ್ನು ಅದೆ. ಸುಮ್ನೆ ಸೂಜಿ ಯಾಕೆ?"

"ಕಾಯಬೇಡಿ ಅಂತಲೂ ಹೇಳಿದ್ದಾರೆ."

ಅವನು ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವನು ನನ್ನನ್ನು ನಂಬಲಿಲ್ಲ ಎಂದಲ್ಲ. ಅವನಿಗೂ ಅವಳದ್ದೇ ಮಾತು ಬೇಕಾಗಿತ್ತು.

ಅಲ್ಲಿಂದ ಮುಂದೆ ನಾವು ಕಾಯಿಲೆಯನ್ನು ಬಿಟ್ಟು ಕಪ್ಪಿನ ಹಿಂದೆ ಬಿದ್ದೆವು. ಫ್ಯಾಕ್ಟರಿ ಬಿಡಿಸಿದೆವು. ತೆಂಗಿನೆಣ್ಣೆ, ಬೆಣ್ಣೆ, ಪಪ್ಪಾಯಿ ಹಣ್ಣು, ಔಷಧದ ಅಂಗಡಿಯ ಮುಲಾಮು, ಯಾರು ಏನು ಹೇಳಿದರೂ ಹಚ್ಚಿದಳು. ಮಳೆಗಾಲ ಹಿಡಿದಿತ್ತು. ಅವಳು ಹೊನ್ನಾವರಕ್ಕೆ ಬರುತ್ತಲೇ ಇದ್ದಳು. ನನ್ನ ಅಂಗಡಿಯಲ್ಲಿ ಗಿರಾಕಿಗಳು ಹಾಕಿ ನೋಡಲೆಂದು ಒಂದು ಪರದೆ, ಒಂದು ಕನ್ನಡಿ ಇದೆ. ಪರದೆಯ ಹಿಂದೆ ನಿಂತು ಕರೆಯುತ್ತಿದ್ದಳು.

"ಅಕ್ಕ, ನೋಡು. ಕಡಿಮೆ ಅಲ್ದ?"

ಬಣ್ಣ ನೋಡುವುದು ನನ್ನ ಕೆಲಸ. ಬಟ್ಟೆಗೆ ದಾರ ಹೊಂದಿಸುವಾಗ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನನ್ನ ಕಣ್ಣಿಗೆ ಕಾಣುತ್ತದೆ. ಅದು ಅವಳಿಗೆ ಗೊತ್ತಿತ್ತು. ಒಂದು ದಿನ ತಾನೇ ಡಬ್ಬಿಯಿಂದ ಕಂದು ದಾರದ ರೀಲುಗಳನ್ನೆಲ್ಲ ತೆಗೆದು ನನ್ನ ಕೈಯಲ್ಲಿ ಕೊಟ್ಟಳು.

"ಮ್ಯಾಚಿಂಗ್ ಮಾಡು. ಬಾಯಿಮಾತು ಬೇಡ."

ಕಪ್ಪಿಗೆ ಸಮನಾದ ರೀಲನ್ನು ಒಂದೊಂದಾಗಿ ಚರ್ಮದ ಪಕ್ಕ ಹಿಡಿದು ನೋಡಿದೆ. ಮಸಿ ಬಣ್ಣದ್ದು ಹೊಂದಲಿಲ್ಲ, ಅದಕ್ಕಿಂತ ಒಂದು ಛಾಯೆ ಕಡಿಮೆಯದು ಹೊಂದಿತು. ಆ ರೀಲನ್ನು ಬೇರೆ ಇಟ್ಟೆವು. ಮುಂದಿನ ಸಲ ಬಂದಾಗ ಅದಕ್ಕಿಂತ ತಿಳಿ ಬಣ್ಣದ್ದು. ಆಮೇಲೆ ಹುರಿದ ಕಾಫಿಯ ಬಣ್ಣ. "ಯಾವ ಸೀರೆಗೆ ಅಕ್ಕ ಇದು?" ಎಂದು ಹೊರಗೆ ಕುಳಿತ ಗಿರಾಕಿ ಕೇಳಿದರೆ ತಂಗಿ ಪರದೆಯೊಳಗಿಂದ, "ಚರ್ಮದ ಸೀರೆಗೆ," ಎಂದು ಕೂಗಿ ನಗುತ್ತಿದ್ದಳು. ಆ ನಗು ಕೇಳಿದರೆ ಯಾರೂ ಅವಳಿಗೆ ಕಾಯಿಲೆ ಅನ್ನುತ್ತಿರಲಿಲ್ಲ.

ಪ್ರತಿ ಸಲವೂ ನಾನು ಸೂಜಿಯ ಮಾತು ಎತ್ತುತ್ತಿದ್ದೆ. ಪ್ರತಿ ಸಲವೂ ಅವಳು, "ಇಷ್ಟು ಹೋಗಿದೆ, ಇನ್ನು ಸ್ವಲ್ಪ ಅಲ್ದ," ಅನ್ನುತ್ತಿದ್ದಳು. ಒಮ್ಮೆ ನಾನು ಅವಳ ಕಾಲು ಹಿಡಿದೆ. ಅಕ್ಕ ಕಾಲು ಹಿಡಿಯುವುದು ನಮ್ಮಲ್ಲಿ ಅಪಶಕುನ. ಅವಳು ಹೆದರಿ ಹಿಂದೆ ಸರಿದು, "ನಾ ಸತ್ತೇ ಹೋದ್ನಾ ನಿನ್ನ ಲೆಕ್ಕದಲ್ಲಿ?" ಎಂದು ಅತ್ತಳು. ಆಮೇಲೆ ಎಷ್ಟೋ ದಿನ ಬರಲಿಲ್ಲ.

ಬಂದಾಗ ಕಪ್ಪು ನಿಜವಾಗಿಯೂ ತಿಳಿಯಾಗಿತ್ತು. ತುದಿಗಳಲ್ಲಿ ಅವಳ ಮೈಬಣ್ಣವೇ ಬಂದಿತ್ತು. ಆದರೆ ಆ ಜಾಗದ ಚರ್ಮ ಒಳಗಿನಿಂದ ಯಾರೋ ದಾರ ಎಳೆದು ಗಂಟು ಹಾಕಿದ ಹಾಗೆ ಸುಕ್ಕಾಗಿತ್ತು. ನನಗೆ ಅಂಥ ಸುಕ್ಕು ಗೊತ್ತು. ದಾರದ ಬಿಗಿ ಜಾಸ್ತಿಯಾದರೆ ಬಟ್ಟೆ ಹೀಗೇ ಹಿಡಿದುಕೊಳ್ಳುತ್ತದೆ. ಕಂಕುಳಲ್ಲಿ ಇನ್ನೊಂದು ಗಂಟು ಕೈಗೆ ಸಿಕ್ಕಿತು.

"ಬಣ್ಣ ಹೇಳು," ಅಂದಳು.

"ಹೋಗಿದೆ," ಅಂದೆ. ರೀಲುಗಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ಆ ಸಲ ರೈಲಿನಲ್ಲಿ ಅವಳು ಹೊಸ ಸೀರೆ ಉಟ್ಟಿದ್ದಳು. ಈಗ ಯಂತ್ರಕ್ಕೆ ಕೇಳುತ್ತದೆ ಎಂಬ ಧೈರ್ಯ. ದೊಡ್ಡ ಡಾಕ್ಟರು ಅವಳನ್ನು ಪರೀಕ್ಷೆ ಮಾಡಿ ಕೈ ತೊಳೆದುಕೊಂಡರು. ಅವಳೇ ಕೇಳಿದಳು, "ಆ ಬೆಳಕಿನ ಮಿಷನ್ನಿಗೆ ಹೋಗೂಕೆ ಬರೆದು ಕೊಡ್ತ್ರಾ?"

"ಈಗ ಅದು ಬೇಡಮ್ಮ," ಎಂದರು. "ಈಗ ಕೈಗೇ ಗೊತ್ತಾಗ್ತಾ ಇದೆ."

ಅಂದು ಅವಳು ಸೂಜಿಗೆ ಒಪ್ಪಿದಳು. ತೋಳಿನಿಂದ ಕಣ್ಣು ಮುಚ್ಚಿಕೊಂಡು ಮಲಗಿದಳು. ಮುಗಿದ ಮೇಲೆ ಎದ್ದು ಕುಳಿತು, "ಇಷ್ಟೇಯಾ?" ಅಂದಳು. "ಗೇರೆಣ್ಣೆಯ ಉರಿಯ ಮುಂದೆ ಇದು ಎಂತದೂ ಅಲ್ಲ." ಗಂಡ ಗೋಡೆಗೆ ಮುಖ ಮಾಡಿ ನಿಂತಿದ್ದ.

ಆಮೇಲಿನದನ್ನು ಹೆಚ್ಚು ಬರೆಯಲಾರೆ. ನರಕ್ಕೆ ಔಷಧಿ ಹರಿಸಿದರು. ಕೂದಲು ಹೋಯಿತು. ಬಂಗಡೆಯ ವಾಸನೆಗೆ ವಾಂತಿ ಮಾಡಿಕೊಳ್ಳುತ್ತಿದ್ದಳೆಂದು ಅವಳ ಗಂಡ ಬಂದರಿನ ಕೆಲಸ ಬಿಟ್ಟು ಇಟ್ಟಿಗೆ ಸಾಗಿಸುವ ಗಾಡಿ ಓಡಿಸಿದ. ನಡುವೆ ಸ್ವಲ್ಪ ದಿನ ಚೆನ್ನಾಗಿದ್ದಳು, ಕುಮಟಾದ ಮನೆಯ ಜಗಲಿಯಲ್ಲಿ ಕುಳಿತು ನನ್ನ ಅಂಗಡಿಯ ರವಕೆಗಳಿಗೆ ಹುಕ್ಕು ಹಚ್ಚಿಕೊಡುತ್ತಿದ್ದಳು. ಹುಕ್ಕಿನ ಸಾಲು ಸ್ವಲ್ಪ ಓರೆಯಾಗುತ್ತಿತ್ತು. ನಾನು ಬಿಚ್ಚಿ ಸರಿಮಾಡದೆ ಹಾಗೇ ಕೊಟ್ಟೆ. ಯಾವ ಗಿರಾಕಿಯೂ ದೂರಲಿಲ್ಲ. ಕೊನೆಗೆ ಕಾಯಿಲೆ ಬೆನ್ನಿನ ಮೂಳೆಗೆ ಹೋಯಿತು. ದಕ್ಷಿಣದ ಆಸ್ಪತ್ರೆಯಿಂದ ಅವಳನ್ನು ಆಂಬ್ಯುಲೆನ್ಸಿನಲ್ಲಿ ತಂದೆವು. ಶರಾವತಿ ಸೇತುವೆ ಬಂದಾಗ ಎಲ್ಲಿ ಎಂದು ಕೇಳಿದಳು. ಹೊನ್ನಾವರ ಎಂದೆ. "ನೀ ಇಳೀತ್ಯಾ?" ಅಂದಳು. ಇಲ್ಲ, ನಿನ್ನ ಜೊತೆ ಕುಮಟಾಕ್ಕೆ ಬರುತ್ತೇನೆ ಎಂದೆ. ಮನೆಯಲ್ಲೇ ಹೋದಳು, ಬೆಳಗಿನ ಹೊತ್ತು, ಅಕ್ಕಪಕ್ಕದವರ ಮನೆಯಲ್ಲಿ ದೋಸೆ ಹುಯ್ಯುವ ಸದ್ದು ಕೇಳುತ್ತಿರುವಾಗ.

ಅವಳು ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ಆ ಸಣ್ಣ ಡಾಕ್ಟರಮ್ಮ ನನಗೆ ಸಿಕ್ಕಿದ್ದರು. ಅಂದಿನ ಚಿತ್ರ ಇದೆಯಾ ಎಂದು ಕೇಳಿದೆ. ಇದೆ ಎಂದು ಕೋಣೆಗೆ ಕರೆದುಕೊಂಡು ಹೋಗಿ ಕಂಪ್ಯೂಟರಿನಲ್ಲಿ ತೋರಿಸಿದರು. ಮೇಲೆ ಒಂದು ಗೆರೆ, ಮಧ್ಯಾಹ್ನದ ತಗಡಿನ ಹಾಗೆ ಕಣ್ಣು ಕುಕ್ಕುವಷ್ಟು ಬಿಳಿ. ಅದು ಗೇರೆಣ್ಣೆ ತಾಗಿದ ಚರ್ಮ. ಅದರ ಕೆಳಗೆ ಬೂದಿ ಚೆಲ್ಲಿದ ಹಾಗೆ ಏನೋ. ಅದರಲ್ಲಿ ನನ್ನ ತಂಗಿ ಎಲ್ಲಿ, ಗಂಟು ಎಲ್ಲಿ, ಗುರುತಿಸಲು ಆಗಲಿಲ್ಲ.

"ಕಪ್ಪು ಇಲ್ಲದಿದ್ದರೆ ಅಂದೇ ಕಾಣ್ತಿತ್ತಾ?" ಎಂದು ಕೇಳಿದೆ. ಕಾಣುತ್ತಿತ್ತು ಎಂದರೆ ಎದೆ ಒಡೆಯುತ್ತದೆ, ಇಲ್ಲ ಎಂದರೂ ಒಡೆಯುತ್ತದೆ ಎಂದು ಗೊತ್ತಿದ್ದೇ ಕೇಳಿದೆ.

"ಗೊತ್ತಿಲ್ಲ," ಎಂದರು ಅವರು. "ಕಂಡಿದ್ದರೂ ಸೂಜಿ ಬೇಕೇ ಇತ್ತು. ಅಂದೂ ಅದನ್ನೇ ಹೇಳಿದ್ದೆ."

ಹೌದು, ಹೇಳಿದ್ದರು. ಒಂದು ಮಾತಿನಲ್ಲಿ ಎರಡು ತುಂಡು. ಮೊದಲ ತುಂಡನ್ನು ಮಾತ್ರ ನಾವು ಮನೆಗೆ ತಂದೆವು. ಯಂತ್ರವನ್ನು ದೂರಲು ನನ್ನ ಹತ್ತಿರ ಏನೂ ಇಲ್ಲ. ಅದು ತನಗೆ ಕೇಳಿಸಿದ್ದನ್ನೇ ತೋರಿಸಿತು. ಗೇರೆಣ್ಣೆಯನ್ನೂ ದೂರಲಾರೆ, ಅದರಿಂದಲೇ ಅವಳ ಮನೆಯ ಒಲೆ ಉರಿದದ್ದು. ಯಾರನ್ನು ದೂರಬೇಕೆಂದು ಹುಡುಕಿ ಹುಡುಕಿ ಸಾಕಾಗಿದೆ. ಕೆಲವು ದಿನ ಬಟ್ಟೆ ಕತ್ತರಿಸುತ್ತ ಕತ್ತರಿ ಹಾಗೇ ಹಿಡಿದು ನಿಂತುಬಿಡುತ್ತೇನೆ, ಎದುರಿಗಿರುವವರು ಕರೆದರೂ ತಿಳಿಯುವುದಿಲ್ಲ. ಅಂದೇ ಒಪ್ಪಿದ್ದರೆ ಉಳಿಯುತ್ತಿದ್ದಳಾ ಎಂಬುದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ. ಅವಳ ಗಂಡ ಮತ್ತೆ ಭಟ್ಕಳದ ಬಂದರಿಗೆ ಹೋಗುತ್ತಿದ್ದಾನೆ. ಒಮ್ಮೊಮ್ಮೆ ಹೊನ್ನಾವರದಲ್ಲಿ ಟೆಂಪೊ ನಿಲ್ಲಿಸಿ ಎರಡು ಮೀನು ಕೊಟ್ಟು ಹೋಗುತ್ತಾನೆ. ನಾವು ಅವಳ ಮಾತು ಆಡುವುದಿಲ್ಲ.

ಅಂಗಡಿಗೆ ಬರುವವರೆಲ್ಲ ನನ್ನನ್ನು ಅಕ್ಕ ಎಂದೇ ಕರೆಯುತ್ತಾರೆ. ತಂಗಿ ಇಲ್ಲ.